ಕಾಲಬುಡದ ಸ್ಪೀಕರು

ನಮ್ಮ ಸೌಂಡ್ ಕೆಲಸದಲ್ಲಿ ಒಂದು ಅನುಕೂಲ ಇದೆ. ಜನಕ್ಕೆ ಒಂದು ಕೇಳಿಸಿ, ಸ್ಟೇಜ್ ಮೇಲಿರೋರಿಗೆ ಇನ್ನೊಂದು ಕೇಳಿಸಬಹುದು. ಹಲಸೂರಿನ ಗಿಟಾರ್ ಅಂಕಲ್‌ಗೆ ನಾನು ಮಾಡಿದ್ದು ಅದನ್ನೇ.

ಇಂದಿರಾನಗರದ ಒಂದು ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ ರಾಕ್ ಪ್ರೋಗ್ರಾಂ. ಒಂದು ಕಾಲಕ್ಕೆ ಕಂಟೋನ್ಮೆಂಟಿನ ಹುಡುಗರೆಲ್ಲ ಅಂಕಲ್ ಥರಾನೇ ಕೂದಲು ಬಿಟ್ಟಿದ್ರಂತೆ. ಈಗ ಬೆರಳು ಮರಗಟ್ಟಿ, ಒಂದೊಂದು ಸ್ವರವೂ ತಡವಾಗಿ ಬೀಳ್ತಿತ್ತು. ಬ್ಯಾಂಡಿನವರೇ ಬಂದು, "ಗುರು, ಅಂಕಲ್‌ದು ಹೊರಗೆ ಬಿಡ್ಬೇಡ, ಪ್ಲೀಸ್" ಅಂದ್ರು. ಅವರ ಗಿಟಾರನ್ನ ಅವರ ಕಾಲಬುಡದ ಸ್ಪೀಕರಿಗೆ ಮಾತ್ರ ಕೊಟ್ಟೆ. ಜನ ಕೇಳಿದ್ದು ಪಕ್ಕದವನ ಗಿಟಾರ್. ಅಂಕಲ್ ಕಣ್ಮುಚ್ಚಿ, ಬೆವರು ಸುರಿಸಿ ನುಡಿಸಿದ್ರು. ಚಪ್ಪಾಳೆಯೂ ಬಿತ್ತು.

ಮುಗಿದ ಮೇಲೆ, ಮುಂದಿನ ಟೇಬಲಲ್ಲಿ ಕೂತಿದ್ದ ಅವರ ಹೆಂಡತಿ ನನ್ನ ಹತ್ರ ಬಂದ್ರು.

"ಮೂವತ್ತು ವರ್ಷದಿಂದ ಮುಂದೆ ಕೂತು ಕೇಳ್ತಿದೀನಪ್ಪಾ. ಅವರ ಕೈ ನಂಗೆ ಗೊತ್ತಾಗಲ್ವಾ?"

ಬೈಸಿಕೊಳ್ಳೋಕೆ ತಯಾರಾಗಿ ತಲೆ ತಗ್ಗಿಸಿದೆ.

"ಅವರಿಗೆ ಹೇಳ್ಬೇಡಿ. ಮುಂದಿನ ಸಲಾನೂ ಹೀಗೇ ಮಾಡಿ" ಅಂದ್ರು.

ಅಷ್ಟರಲ್ಲಿ ಅಂಕಲ್ ಬಂದು ನನ್ನ ಎರಡೂ ಕೈ ಹಿಡ್ಕೊಂಡ್ರು. "ಎಷ್ಟು ವರ್ಷ ಆಯ್ತು ತಂಬಿ, ನನ್ನ ಗಿಟಾರ್ ನಂಗೆ ಇಷ್ಟು ಕ್ಲಿಯರ್ ಆಗಿ ಕೇಳಿಸಿ!"

ಆಮೇಲೆ ಕೈ ಪೂರ್ತಿ ನಿಲ್ಲೋವರೆಗೂ ಅವರ ಎಲ್ಲ ಪ್ರೋಗ್ರಾಮಿಗೂ ನಾನೇ ಬೇಕಿತ್ತು. ಈ ಊರಲ್ಲಿ ಸೌಂಡ್ ಗೊತ್ತಿರೋದು ಇವನೊಬ್ಬನಿಗೇ ಅಂತ ಕಂಡಕಂಡವರಿಗೆಲ್ಲ ಹೇಳ್ತಿದ್ರು. ಈ ಕಸುಬಿನಲ್ಲಿ ನನ್ನನ್ನ ಹೊಗಳಿದವರು ಅವರೊಬ್ಬರೇ.