ಅತ್ತೆ ನುಂಗಿದ ಕಿವಿಮೂಳೆ

ನಮ್ಮತ್ತೆಯನ್ನು ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಕರೆಯುವುದು ಕಲ್ಲತ್ತೆ ಎಂದೇ. ಮನಸ್ಸು ಕಲ್ಲೆಂದಲ್ಲ, ಹಾಗಿದ್ದಿದ್ದರೆ ಆ ದಿನದ ಪೇಚಾಟವೇ ಇರುತ್ತಿರಲಿಲ್ಲ. ಹಿಂಬದಿಯ ಕೋಣೆಯಲ್ಲಿ ಕಿಟಕಿಯ ಕೆಳಗೆ ಕೂತು, ಕಣ್ಣಿಗೆ ಭೂತಗನ್ನಡಿ ಹಚ್ಚಿ, ಸೂಜಿಯಿಂದ ಕಲ್ಲು ಕೆರೆಯುವುದು ಅವರ ಕೆಲಸ. ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಪ್ರಾಣಿಯ ಮೂಳೆ ಕಲ್ಲಿನೊಳಗೆ ತಾನೂ ಕಲ್ಲಿನಂತಾಗಿ ಕೂತಿರುತ್ತದೆ. ಅದಕ್ಕೆ ಪೆಟ್ಟಾಗದ ಹಾಗೆ ಸುತ್ತಲಿನದನ್ನು ಮಾತ್ರ ಪುಡಿಪುಡಿಯಾಗಿ ಬಿಡಿಸಬೇಕು. ಮನೆಯಲ್ಲಿ ನನ್ನ ಕೆಲಸ ಒಂದು ಗಳಿಗೆ ತಡವಾದರೆ ತಾಳ್ಮೆಗೆಡುವ ಅತ್ತೆ, ಅಲ್ಲಿ ಒಂದು ಹಲ್ಲಿನ ಮುಂದೆ ವಾರಗಟ್ಟಲೆ ಕೂರುತ್ತಾರೆ. ಆ ತಾಳ್ಮೆಯಲ್ಲಿ ಸೊಸೆಗೂ ಒಂದಿಷ್ಟು ಉಳಿಸಬಾರದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾನು ಅದೇ ಕಟ್ಟಡದ ಟಿಕೆಟ್ ಕೌಂಟರಿನವಳು. ಮನೆಯಲ್ಲೂ ಅತ್ತೆ, ಕೆಲಸದಲ್ಲೂ ಅತ್ತೆ. ನನ್ನ ಹಣೆಬರಹ ನೋಡಿ ಯಾರೂ ಹೊಟ್ಟೆಕಿಚ್ಚು ಪಟ್ಟಿದ್ದಿಲ್ಲ.

ಈ ಕಸುಬಿನವರಿಗೆ ಒಂದು ಹಳೆಯ ಚಾಳಿಯಿದೆ. ಕೈಗೆ ಬಂದ ಚೂರು ಮೂಳೆಯೋ ಕಲ್ಲೋ ಎಂದು ಅನುಮಾನ ಬಂದರೆ ನಾಲಿಗೆಯ ತುದಿಗೆ ಮುಟ್ಟಿಸುತ್ತಾರೆ. ಮೂಳೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುವುದರಿಂದ ಅದು ಅಂಟಿಕೊಳ್ಳುತ್ತದೆ, ಕಲ್ಲು ಜಾರುತ್ತದೆ. ಅತ್ತೆಯ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರಿಗೆ ಇದನ್ನು ಕಂಡರಾಗದು. ಅತ್ತೆ ಹಾಗೆ ಮಾಡುವುದನ್ನು ಒಮ್ಮೆ ನೋಡಿ, ಇನ್ನೊಂದು ಸಲ ಕಂಡರೆ ಮೇಜು ಖಾಲಿ ಮಾಡಬೇಕಾಗುತ್ತದೆ ಎಂದು ಮೆಲುದನಿಯಲ್ಲೇ ಹೇಳಿದ್ದರು. ಅತ್ತೆಗೆ ನಿವೃತ್ತಿಯಾಗಿ ಬಹಳ ಕಾಲವಾಗಿತ್ತು. ಪ್ರೊಫೆಸರ ಮಾತಿನ ಮೇಲೆ ಮಾತ್ರ ಆ ಮೇಜು ಉಳಿದಿತ್ತು. ಮಾವ ತೀರಿಕೊಂಡ ಮೇಲೆ ಗೋಡೆ ನೋಡುತ್ತ ಕೂತಿದ್ದ ಅತ್ತೆ ಮತ್ತೆ ತುತ್ತು ಎತ್ತಿದ್ದು ಆ ಮೇಜಿಗೆ ಹಿಂತಿರುಗಿದ ಮೇಲೆಯೇ. ಅದು ಕೈತಪ್ಪಿದರೆ ಇವರು ಏನಾಗುತ್ತಾರೋ ಎಂಬ ದಿಗಿಲು ನನಗೂ ನನ್ನ ಗಂಡನಿಗೂ ಇದ್ದೇ ಇತ್ತು.

ಆಗ ಮೇಜಿನ ಮೇಲಿದ್ದದ್ದು ಇಲಿಯಷ್ಟೇ ಇದ್ದ ಒಂದು ಪ್ರಾಣಿಯ ತಲೆ. ಡೈನೋಸಾರ್‌ಗಳ ಕಾಲದಲ್ಲಿ ಅವುಗಳ ಕಾಲಿಗೆ ಸಿಗದಂತೆ ಜೀವ ಕೈಯಲ್ಲಿ ಹಿಡಿದು ಓಡಾಡಿದ್ದು. ಬಹಳ ದೂರದಿಂದ ನಮಗೂ ನೆಂಟನಂತೆ. ನಮ್ಮ ಕಿವಿಯೊಳಗಿನ ಪುಟ್ಟ ಮೂಳೆಗಳಲ್ಲಿ ಕೆಲವು ಒಂದು ಕಾಲಕ್ಕೆ ದವಡೆಯಲ್ಲಿದ್ದವು, ತಲೆಮಾರುಗಳು ಉರುಳಿದ ಹಾಗೆ ಹಿಂದೆ ಸರಿದು ಕೇಳಿಸಿಕೊಳ್ಳುವ ಕೆಲಸಕ್ಕೆ ನಿಂತವು ಎಂದು ಅತ್ತೆ ಹೇಳಿದ್ದರು. ಅವರ ಮಗನಲ್ಲಿ ಅದಿನ್ನೂ ಪೂರ್ತಿಯಾಗಿಲ್ಲ, ಉಣ್ಣುವಾಗ ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ ಎಂದು ನಾನು ಅಂದಿದ್ದೆ. ಈ ಪ್ರಾಣಿಯಲ್ಲಿ ಕಿವಿಮೂಳೆ ದವಡೆಯಿಂದ ಆಗಲೇ ಬಿಡಿಸಿಕೊಂಡಿತ್ತು ಎಂಬುದು ಪ್ರೊಫೆಸರ ವಾದ. ಇಷ್ಟರಲ್ಲೇ ಅದನ್ನು ವಿದ್ವಾಂಸರ ಸಭೆಯಲ್ಲಿ ಸಾರುವವರಿದ್ದರು. ತಲೆಯ ಬಲಗಡೆಯನ್ನಷ್ಟೇ ಬಿಡಿಸಿ, ಎಡಗಡೆಯನ್ನು ಕಲ್ಲಿನಲ್ಲೇ ಉಳಿಸಿ ಜನರ ನೋಟಕ್ಕಿಡಬೇಕು, ಅದನ್ನು ಮುಟ್ಟಕೂಡದು ಎಂದು ತಾಕೀತು ಮಾಡಿದ್ದರು.

ಆ ಮಧ್ಯಾಹ್ನ ಅತ್ತೆ ನನ್ನ ಕೌಂಟರಿನ ಹಿಂದೆ ಬಂದು ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ನುಂಗಿಬಿಟ್ಟೆ ಕಣೇ," ಅಂದರು.

ಮಾತ್ರೆಯೇನೋ ಹೆಚ್ಚುಕಡಿಮೆಯಾಯಿತು ಎಂದುಕೊಂಡೆ. ಆಮೇಲೆ ತಿಳಿಯಿತು. ಬಲಗಡೆ ದವಡೆಯ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಚೂರು ಕಂಡಿದೆ. ಕೂದಲಿನಂಥ ಎಳೆಯೊಂದು ಅದನ್ನು ದವಡೆಗೆ ಸೇರಿಸಿತ್ತು. ಸೂಜಿ ತಾಗಿದ್ದೇ ತಡ ಎಳೆ ಪುಡಿಯಾಯಿತು, ಚೂರು ಸೂಜಿಯ ತುದಿಗೆ ಬಂತು. ಮೂಳೆಯೋ ಕಲ್ಲೋ? ಕೈ ತಾನಾಗಿ ಬಾಯಿಗೆ ಹೋಯಿತು. ಅಂಟಿಕೊಂಡಿತು, ಮೂಳೆಯೇ, ದವಡೆಯನ್ನು ಇನ್ನೂ ಬಿಡದ ಕಿವಿಮೂಳೆ. ಅದೇ ಗಳಿಗೆಗೆ ಕಲ್ಲಿನ ದೂಳಿಗೆ ಸೀನು ಬಂತು, ಸೀನಿನ ಹಿಂದೆ ಉಗುಳು ನುಂಗಿದರು. ತಪ್ಪು ಮಾಡಿದವರು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಇನ್ನೊಬ್ಬರನ್ನು ಬೇಡುವುದುಂಟು. ನಮ್ಮತ್ತೆ ತಾವೇ ಹಾಕಿಕೊಂಡು ಬಂದಿದ್ದರು. ಆಗ ನಗು ಬರಲಿಲ್ಲ ಅನ್ನಿ.

ಯಾರು ನೋಡಿದರು ಎಂದು ಕೇಳಿದೆ. ಯಾರೂ ಇಲ್ಲ. ಫೋಟೋ? ಇನ್ನೂ ತೆಗೆದಿರಲಿಲ್ಲ. ಹಾಗಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿರಿ ಅಂದೆ. ನನ್ನ ಬುದ್ಧಿ ಇರುವುದೇ ಹಾಗೆ, ಮೊದಲು ಮನೆಯ ನೆಮ್ಮದಿ ನೋಡುತ್ತದೆ. ಪ್ರೊಫೆಸರಿಗೂ ಅಲ್ಲಿ ಏನೂ ಇಲ್ಲದಿರುವುದೇ ಬೇಕಿತ್ತಲ್ಲ.

ಅತ್ತೆ ಕುರ್ಚಿಯ ಅಂಚಿನಲ್ಲಿ ಕೂತು ಸೆರಗಿನ ತುದಿ ಹಿಂಡುತ್ತಿದ್ದರು. ಸುಮ್ಮನಿದ್ದರೆ ಪ್ರೊಫೆಸರು ನಾಲ್ಕು ಜನರೆದುರು ಸುಳ್ಳು ಹೇಳಿದ ಹಾಗಾಗುತ್ತದೆ, ಅದೂ ಅವರಿಗೆ ಗೊತ್ತೇ ಇಲ್ಲದೆ, ಅಂದರು. ಹೇಳಿದರೆ ಮೇಜು ಹೋಗುತ್ತದೆ, ಅಂದೆ. "ಗೊತ್ತು," ಅಂದರು. ಎದ್ದು ಪ್ರೊಫೆಸರ ಕೋಣೆಯ ಕಡೆ ನಡೆದೇಬಿಟ್ಟರು. ಕೌಂಟರನ್ನು ಕಾವಲಿನವನಿಗೆ ಒಪ್ಪಿಸಿ ನಾನೂ ಜೊತೆಗೆ ಹೊರಟೆ.

ಪ್ರೊಫೆಸರ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಫೋನಿನಲ್ಲಿ ಮಾತು ನಡೆದಿತ್ತು. ಹೊರಗಿನ ಬೆಂಚಿನ ಮೇಲೆ ಕೂತೆವು. ಅತ್ತೆ ಒಂದು ಸಲ ಎದ್ದು ನಿಂತರು, ಮತ್ತೆ ಕೂತರು. ಈಗಲಾದರೂ ಮನಸ್ಸು ಬದಲಾಗಲಿ ಎಂದು ನಾನು ಹಾರೈಸುತ್ತಿದ್ದೆ. ಬಾಗಿಲು ತೆರೆಯಿತು.

ಅತ್ತೆ ಎಲ್ಲವನ್ನೂ ಹೇಳಿದರು. ಪ್ರೊಫೆಸರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಬಾಯಿಗೆ ಹಾಕಿದ್ರಾ?"

"ಹಾಕಿದೆ."

"ದವಡೆಗೆ ಸೇರಿತ್ತು ಅಂತೀರಾ?"

"ಎಳೆಯಷ್ಟು. ಆದ್ರೆ ಸೇರಿತ್ತು."

ಅವರು ಕಿಟಕಿಯ ಕಡೆ ತಿರುಗಿದರು. ನಿಮ್ಮ ಕಣ್ಣಿಗೆ ದಣಿವಾಗಿರಬಹುದು, ಮರೆತುಬಿಡಿ ಅಂದುಬಿಡಲಿ ದೇವರೇ ಎಂದು ನಾನು ಬೇಡಿಕೊಂಡೆ. ಅವರು ಎದ್ದು, ಎಡಗಡೆ ಬಿಡಿಸಿ ಅಂದರು.

ಅಲ್ಲಿ ಏನೂ ಸಿಗದಿದ್ದರೆ? ನೋಟಕ್ಕಿಡಬೇಕಾದ ತಲೆ ಕೆಡುತ್ತದೆ, ಅತ್ತೆ ಸುಳ್ಳುಗಾರ್ತಿಯಾಗುತ್ತಾರೆ. ಅತ್ತೆಗೂ ಅದು ಹೊಳೆದಿರಬೇಕು. ಮೇಜಿನ ಮುಂದೆ ಕೂತವರು ಸೂಜಿ ಹಿಡಿಯುವ ಮೊದಲು ಅಂಗೈಯನ್ನು ಎರಡು ಸಲ ಸೀರೆಗೆ ಒರೆಸಿಕೊಂಡರು. ನಾನು ದೀಪ ಹಿಡಿದೆ. ಪ್ರೊಫೆಸರು ಹಿಂದೆ ನಿಂತಿದ್ದರು, ಅವರ ಉಸಿರು ನನಗೆ ಕೇಳಿಸುತ್ತಿತ್ತು. ಕಲ್ಲು ಹಿಟ್ಟಿನಷ್ಟು ಹಿಟ್ಟಿನಷ್ಟೇ ಉದುರುತ್ತಿತ್ತು. ಹೊರಗೆ ನೋಡಲು ಬಂದವರ ಗದ್ದಲ ಕರಗಿತು, ಬಾಗಿಲುಗಳನ್ನು ಹಾಕುವ ಸದ್ದಾಯಿತು. ಅತ್ತೆ ನೀರು ಕೂಡ ಕೇಳಲಿಲ್ಲ.

ಆಮೇಲೆ ಸೂಜಿ ನಿಂತಿತು. ಅತ್ತೆ ಕುರ್ಚಿಯಿಂದ ಎದ್ದು ಪಕ್ಕಕ್ಕೆ ಸರಿದರು. ಪ್ರೊಫೆಸರು ಕೂತು ಗಾಜಿನ ಮೇಲೆ ಬಾಗಿದರು.

"ಸೇರಿದೆ," ಅಂದರು ಕೊನೆಗೆ.

ಗೆದ್ದೆವು ಎಂದು ನನಗೆ ಹಿಗ್ಗಾಗಬೇಕಿತ್ತು, ಆಗಲಿಲ್ಲ. ಆ ಮನುಷ್ಯ ವರ್ಷಾನುಗಟ್ಟಲೆ ತರಗತಿಗಳಲ್ಲಿ ಹೇಳಿಕೊಂಡು ಬಂದದ್ದು ಸಾಸಿವೆಯಂಥ ಒಂದು ಚೂರಿನ ಮುಂದೆ ಬಿದ್ದುಹೋಗಿತ್ತು. ಅತ್ತೆ ತಮ್ಮ ಸೂಜಿ, ಕುಂಚಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದರು.

"ಏನು ಮಾಡ್ತಿದೀರ?" ಅಂದರು ಪ್ರೊಫೆಸರು, ಗಾಜಿನಿಂದ ಕಣ್ಣು ತೆಗೆಯದೆ.

"ಮೇಜು ಖಾಲಿ ಮಾಡ್ತಿದೀನಿ."

"ನಾನು ಎಲ್ಲಾ ಮೊದಲಿಂದ ಬರೀಬೇಕು ಈಗ. ನೀವೂ ಹೋದ್ರೆ ಹೇಗೆ?"

ಅಷ್ಟು ಹೊತ್ತು ಜೀವ ಬಿಗಿಹಿಡಿದಿದ್ದ ಅತ್ತೆ ಅಲ್ಲೇ ಕಲ್ಲಿನ ಪುಡಿಯ ಮೇಲೆ ಕುಸಿದು ಕೂತು ಅಳತೊಡಗಿದರು. ಎಬ್ಬಿಸಲು ನಾನು ಒಂದು ತೋಳು ಹಿಡಿದೆ, ಪ್ರೊಫೆಸರು ಇನ್ನೊಂದು ಹಿಡಿದರು.