ಮೇಲ್ಬೀದಿಗೆ ಬೈದ ಚಲುವಯ್ಯ

ಕೊರವಂಗಲದ ಆಚೆಗಿರುವ ಆ ಊರಲ್ಲಿ ಕೆಳಬೀದಿಯ ಚಲುವಯ್ಯನಿಂದ ಬೈಸಿಕೊಳ್ಳದವರು ಯಾರೂ ಇಲ್ಲ. ಡೈರಿಗೆ ಹಾಲು ಹಾಕಲು ಹೋದಾಗ ಒಬ್ಬನಿಗೆ ಬೈದು, ಬರುವಾಗ ಅವನನ್ನೇ ಕಾಫಿಗೆ ಕರೆತರುವ ಮನುಷ್ಯ. ಬೈಸಿಕೊಂಡವರೂ ನಗುತ್ತಿದ್ದರು. ಬೈಯುವಾಗ ಎದುರಿಗೆ ಅವನ ನಗುಮುಖ ಇರುತ್ತಿತ್ತಲ್ಲ.

ಪಂಚಾಯಿತಿ ಚುನಾವಣೆಯಲ್ಲಿ ತನ್ನ ಕಡೆಯವನು ಮೇಲ್ಬೀದಿಯವನೊಬ್ಬನ ಎದುರು ಸೋತ ದಿನ ಎಡವಟ್ಟಾಯಿತು. ಊರಿನ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿಬಿಟ್ಟ: "ಮೇಲ್ಬೀದಿಯೋರು ಒಬ್ರೂ ನಂಬೋ ಜನ ಅಲ್ಲ. ದುಡ್ಡು ಕಂಡ್ರೆ ಊರ್ನೇ ಮಾರೋರು. ನಮ್ ಬೀದಿಯೋರು ಅವ್ರ ಜತೆ ಸೇರ್ಬ್ಯಾಡಿ." ಕಳಿಸಿ, ಉಂಡು, ಮಲಗಿ, ಮರೆತ.

ಕೆಳಬೀದಿಯವರು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿ ಚಪ್ಪಾಳೆ ಹೊಡೆದರು. ಮೇಲ್ಬೀದಿಯವರು ಟೀ ಅಂಗಡಿಯ ಬೆಂಚಿನಿಂದ ಎದ್ದು ಹೋಗತೊಡಗಿದರು.

ಅಷ್ಟರಲ್ಲಿ ಆಲೂಗೆಡ್ಡೆ ಕೀಳುವ ಕಾಲ ಬಂತು. ಅಲ್ಲಿ ಗೆಡ್ಡೆ ಕೀಳುವುದು ಮುಯ್ಯಿಗೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಚಲುವಯ್ಯನ ಸರದಿಗೆ ಮೇಲ್ಬೀದಿಯಿಂದ ಒಬ್ಬರೂ ಬರಲಿಲ್ಲ. ಮೋಡ ಕಟ್ಟಿತ್ತು. ನೀರು ನಿಂತರೆ ಗೆಡ್ಡೆ ನೆಲದಲ್ಲೇ ಕೊಳೆಯುತ್ತದೆ.

"ಬರ್ದಿದ್ರೆ ಕತ್ತೆ ಬಾಲ," ಎಂದು ಗುದ್ದಲಿ ಹಿಡಿದ.

"ಆ ಬಾಲ ಇಡ್ಕಂಡು ನೀನೇ ಕೀಳು. ನಂಗೆ ಸೊಂಟ ಬಗ್ಗಾಕಿಲ್ಲ," ಎಂದಳು ಹೆಂಡತಿ ಬೈರಮ್ಮ.

ಗುದ್ದಲಿ ಬಿಸಾಕಿ ಮೇಲ್ಬೀದಿಗೆ, ಚಿಕ್ಕಂದಿನ ಗೆಳೆಯ ರುದ್ರಯ್ಯನ ಮನೆಗೆ ಹೋದ.

"ಏನ್ಲಾ, ಬರಾಕಿಲ್ವಾ?"

"ಊರ್ ಮಾರೋ ಜನ ಕಣ್ಲಾ ನಾವು. ನಿನ್ ಒಲಕ್ಕೆ ಬಂದ್ರೆ ಅದ್ನೂ ಮಾರ್ಬುಡ್ತೀವಿ."

"ನಾನಂದಿದ್ದು ಆ ಗೆದ್ದೋನಿಗೆ."

"ಅವನ ಹೆಸರು ಎಲ್ಲಿತ್ತು ಅದ್ರಲ್ಲಿ? ನನ್ನ ಬೈಯಿ, ಅಭ್ಯಾಸ ಆಗದೆ. ಇಡೀ ಬೀದಿನೇ ಬೈದ್ಯಲ್ಲ, ನಮ್ಮವ್ವ ಅವತ್ತು ಉಣ್ನಿಲ್ಲ. ನೀನು ಉಟ್ದಾಗ ನೀರೆರೆದೋಳು ಅವ್ಳು."

ಚಲುವಯ್ಯ ಜಗಲಿಯ ಮೇಲೆ ಕುಳಿತು ಫೋನು ತೆಗೆದು ಅದೇ ಗ್ರೂಪಿಗೆ ಹೇಳಿದ: "ಚಲುವಯ್ಯ ಮಾತಾಡ್ತಿರಾದು. ಮೇಲ್ಬೀದಿಯೋರ್ನ ನಾನಂದಿದ್ದು ತಪ್ಪು. ಸಿಟ್ಟಿದ್ದಿದ್ದು ಒಬ್ಬನ ಮ್ಯಾಲೆ, ಬೈದಿದ್ದು ಎಲ್ಲಾರ್ನೂವೆ. ಚಪ್ಪಾಳೆ ಹೊಡ್ದೋರೂ ಕೇಳ್ರಿ, ಅದ್ನ ಅಳಿಸಾಕ್ರಿ, ಮೂದೇವಿಗಳ."

"ಕೊನೇದು ಬೇಕಿತ್ತಾ?" ಎಂದ ರುದ್ರಯ್ಯ.

"ಅದಿಲ್ದಿದ್ರೆ ನಾನೇ ಅಂತ ಯಾರ್ಲಾ ನಂಬ್ತಾರೆ?"

ಮಧ್ಯಾಹ್ನ ರುದ್ರಯ್ಯನ ಹಿಂದೆ ಒಂದಷ್ಟು ಜನ ಹೊಲಕ್ಕಿಳಿದರು. ಅದೇ ಬೀದಿಯ ಷಡಕ್ಷರಿಯ ಮನೆಯವರು ಮಾತ್ರ ಬರಲಿಲ್ಲ. ಸಂಜೆ ಮಳೆ ಹಿಡಿದು ತಗ್ಗಿನ ಸಾಲುಗಳು ಮುಳುಗಿದವು. ಆ ಗೆಡ್ಡೆ ಹೋಯಿತು.

ಮುಂದಿನ ವಾರ ಷಡಕ್ಷರಿಯ ಹೊಲದ ಸರದಿ. ಕರೆಯದಿದ್ದರೂ ಚಲುವಯ್ಯ ಹೋಗಿ, ತುದಿಯ ಸಾಲು ಹಿಡಿದು ಬಗ್ಗಿದ. ಒಬ್ಬರಿಗೂ ಬೈಯದೆ ಅರ್ಧ ಸಾಲು ಕಿತ್ತ. ಆಗ ಷಡಕ್ಷರಿಯೇ, "ಏನಣ್ಣ, ಬಾಯಿ ಮನೇಲೇ ಬಿಟ್ಬಂದಾ?" ಎಂದ.

"ಗೋಲಿ ಗಾತ್ರ ಬೆಳ್ದಿದ್ದೀಯಲ್ಲೋ ಗೆಡ್ಡೆಯ. ನಾಚ್ಕೆ ಆಗಾಕಿಲ್ವಾ ನಿಂಗೆ?"

ಷಡಕ್ಷರಿ ಪಕ್ಕಕ್ಕೆ ಸರಿದು ತನ್ನ ಸಾಲಿನಲ್ಲಿ ಅವನಿಗೆ ಜಾಗ ಬಿಟ್ಟ.