ಅಳಿಲಿಗೂ ನೀರಿಟ್ಟ ಸಬೀರಕ್ಕ

ಸಬೀರಕ್ಕ ಬೆಂಗಳೂರಿನ ಆರ್.ಟಿ. ನಗರದವರು. ರೈತರಿಗೆ ಹನಿ ನೀರಾವರಿ ಕಲಿಸುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ೨೦೧೨ರ ಬೇಸಿಗೆಯಲ್ಲಿ ಸ್ಕೂಟರ್ ಏರಿ ಯಲಹಂಕದಾಚೆಯ ನಮ್ಮ ತೋಟಕ್ಕೆ ಅವರು ಮೊದಲ ಸಲ ಬಂದಾಗ ನನಗೆ ಮದುವೆಯಾದ ಹೊಸತು. ನಮ್ಮದು ಒಂದೆಕರೆ ಹುರುಳಿಕಾಯಿ. ಸಾಲಿಗೆ ನೀರು ಬಿಟ್ಟರೆ ಅರ್ಧ ತೋಟ ನೆನೆಯುವಷ್ಟರಲ್ಲಿ ಬೋರ್‌ವೆಲ್ ಬರೀ ಗಾಳಿ ಉಗುಳುತ್ತಿತ್ತು. ಉಳಿದ ಸಾಲುಗಳಿಗೆ ನಾನೂ ನಮ್ಮತ್ತೆ ದ್ರೌಪದಮ್ಮನೂ ಬಿಂದಿಗೆಯಲ್ಲಿ ಹೊತ್ತು ಹಾಕುತ್ತಿದ್ದೆವು.

"ತೊಟ್ಟು ತೊಟ್ಟು ನೀರಲ್ಲಿ ಗಿಡ ಬದುಕ್ತದಾ?" ಅತ್ತೆ ನಂಬಲಿಲ್ಲ.

"ನಾಲ್ಕು ಸಾಲಿಗೆ ಪೈಪು ಹಾಕಿ ನೋಡೋಣ ಅಮ್ಮ. ಸರಿಹೋಗ್ಲಿಲ್ಲ ಅಂದ್ರೆ ನಾನೇ ಬಂದು ಸುತ್ಕೊಂಡು ಹೋಗ್ತೀನಿ" ಅಂದರು ಸಬೀರಕ್ಕ.

ಆ ನಾಲ್ಕು ಸಾಲೇ ಮೊದಲು ಹೂ ಬಿಟ್ಟಿತು. ಮಳೆಗಾಲ ಕಳೆಯುವಷ್ಟರಲ್ಲಿ ಇಡೀ ತೋಟಕ್ಕೆ ಪೈಪು ಎಳೆಸಿದೆವು. ಮರುಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಪೈಪಿಗೆಲ್ಲ ತೂತು, ನೀರು ಕಾರಂಜಿ ಥರ ಚಿಮ್ಮುತ್ತಿದೆ. ಅತ್ತೆ ಫೋನಿನಲ್ಲೇ ರೇಗಿದರು: "ಇಂಗಾದ್ರೆ ಎಂಗವ್ವ? ಸುತ್ಕೊಂಡೋಗು ನಿನ್ ಪೈಪ್ನ!"

ಸಬೀರಕ್ಕ ಓಡಿ ಬಂದರು. ಅವರಿಗೂ ಕಾರಣ ತಿಳಿಯಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೂತುಗಳನ್ನೆಲ್ಲ ಸರಿಮಾಡಿದರು. ಮರುದಿನ ಮತ್ತೆ ತೂತು. ಆಗ ಅವರು ಮತ್ತೆ ಬಂದು, ನಮ್ಮ ಜೊತೆ ಮುದ್ದೆ ಉಂಡು, ಮಧ್ಯಾಹ್ನವೆಲ್ಲ ಹೊಂಗೆ ಮರದ ಕೆಳಗೆ ಕಾದು ಕೂತರು. ಕೊನೆಗೊಂದು ಅಳಿಲು ಬಂತು. ಪೈಪು ಕಚ್ಚಿ, ಚಿಮ್ಮಿದ ನೀರಿಗೆ ಬಾಯಿ ಕೊಟ್ಟಿತು.

"ಅಯ್ಯೋ ಪಾಪ, ಬಾಯಾರಿದೆ ಅದಕ್ಕೆ!" ಅಂದರು ಸಬೀರಕ್ಕ.

ಅತ್ತೆಗೆ ಸಿಟ್ಟೆಲ್ಲ ಇಳಿದು ನಗು ಬಂತು. ಸಬೀರಕ್ಕ ಹೇಳಿದಂತೆ ಬದುವಿನುದ್ದಕ್ಕೂ ತೆಂಗಿನ ಚಿಪ್ಪುಗಳಲ್ಲಿ ನೀರಿಟ್ಟೆವು. ಕಚ್ಚುವುದು ಪೂರ್ತಿ ನಿಲ್ಲದಿದ್ದರೂ ಬಹಳ ಕಡಿಮೆಯಾಯಿತು. ಆಗ ಮಗಳು ಹರ್ಷಿತಾ ನನ್ನ ಹೊಟ್ಟೆಯಲ್ಲಿದ್ದಳು. ಸೊಂಟದ ಮೇಲೆ ಬಿಂದಿಗೆಯಿಲ್ಲದೆ ಆ ಬೇಸಿಗೆ ಕಳೆದೆನಲ್ಲ, ಅದನ್ನು ನಾನು ಹೇಗೆ ಮರೆಯಲಿ?

ಮಗು ಸ್ವಲ್ಪ ದೊಡ್ಡದಾದ ಮೇಲೆ ಅವರೇ ನನ್ನನ್ನು ಹೆಸರಘಟ್ಟದ ಕಡೆಯ ಹಳ್ಳಿಗಳಿಗೆ ಕರೆದೊಯ್ದರು. "ನನ್ನ ಮಾತು ಜನ ನಂಬಲ್ಲ ರಾಧಾಮಣಿ, ಬೆಳೆ ಬೆಳೆದೋಳು ನೀನು ಹೇಳು." ನಾಲ್ಕು ಜನರೆದುರು ನಿಂತರೆ ಬಾಯಿ ಒಣಗುತ್ತಿದ್ದ ನಾನು ಹಾಗೆಯೇ ಮಾತು ಕಲಿತೆ.

೨೦೧೮ರಲ್ಲಿ ಮಂಡಿನೋವು ಜಾಸ್ತಿಯಾಗಿ ಸಬೀರಕ್ಕ ಕೆಲಸ ಬಿಟ್ಟರು. ಅತ್ತೆ ಒಂದು ಚೀಲ ಹುರುಳಿಕಾಯಿ, ಒಂದು ಬಾಟಲಿ ಹರಳೆಣ್ಣೆ ಹಿಡಿದು ನನ್ನ ಜೊತೆ ಬಸ್ಸು ಹತ್ತಿದರು. ಅವರ ಮನೆ ತಲುಪಿದವರೇ ನೆಲದಲ್ಲಿ ಕೂತು ಎಣ್ಣೆ ಕೈಗೆ ಹಾಕಿಕೊಂಡರು.

"ಬೇಡಮ್ಮ, ನೀವು ದೊಡ್ಡೋರು" ಅಂತ ಸಬೀರಕ್ಕ ಕಾಲು ಮಡಚಿಕೊಂಡರು.

"ಸುಮ್ಕೆ ಕಾಲು ಚಾಚು" ಅಂದರು ಅತ್ತೆ.